ನೆಲ ಒಣಗುವ ತನಕ

ಗೈಡ್ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕಾರು ಹುಡುಗ ಹುಡುಗಿಯರು ಹೋದ ತಿಂಗಳು ದಾಂಡೇಲಿಯ ನನ್ನ ಮನೆಗೆ ಬಂದಿದ್ದರು. "ಮೇಡಂ, ನಿಮ್ಮ ಅನುಭವ ಹೇಳ್ರಿ, ನಾವು ಬರ್ಕೋತೀವಿ" ಎಂದರು. ನಾನು ಹೇಳಲು ಶುರು ಮಾಡಿದೆ. ಅವರು ಬರೆಯುವುದನ್ನು ಬಿಟ್ಟು ನಗಲು ಶುರು ಮಾಡಿದರು. ಸಂಜೆ ಎದ್ದು ಹೋಗುವಾಗ ಅವರ ಹಾಳೆಯೂ ಖಾಲಿ, ನನ್ನ ಚುರಮುರಿ ಡಬ್ಬಿಯೂ ಖಾಲಿ. ಅದಕ್ಕೇ ಈಗ ನಾನೇ ಕೂತು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನ ಇವುಗಳ ಸುದ್ದಿ ಇದರಲ್ಲಿ ಇಲ್ಲ. ಸನ್ಮಾನದ ಶಾಲುಗಳಿಂದ ತಲೆದಿಂಬಿನ ಕವರ್ ಹೊಲಿಸಿದ್ದೇನೆ, ಚೆನ್ನಾಗಿ ಬಾಳಿಕೆ ಬರುತ್ತಿವೆ.

ನನ್ನ ಹೆಸರು ವಿಮಲಾ. ಅಪ್ಪ ಧಾರವಾಡದ ಕಡೆಯವರು, ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದಾಂಡೇಲಿಗೆ ಬಂದು ಇಲ್ಲಿಯೇ ಉಳಿದವರು. ನಾನು ಹುಟ್ಟಿ ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನ ಸಿಮೆಂಟ್ ನೆಲದ ಮೇಲೆ. ಇದನ್ನು ನೆನಪಿಡಿ, ಮುಂದೆ ಈ ಸಿಮೆಂಟ್ ನೆಲದಿಂದಲೇ ನನ್ನ ಮಾನ ಹೋಗುವುದಿದೆ. ಪ್ರವಾಸೋದ್ಯಮದ ಕಚೇರಿಯಲ್ಲಿ ನಾನು ಮಾಹಿತಿ ಸಹಾಯಕಿಯಾಗಿದ್ದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆಯ ಹಳೆಯ ಗುಡಿ, ಕೋಟೆ, ಪ್ರಾರ್ಥನಾ ಮಂದಿರಗಳಿಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸವಾಗಿತ್ತು. ದಾರಿ ತೋರಿಸುವವಳು ಎಂದು ಕಾಗದದಲ್ಲಿ ಬರೆದಿದ್ದರು. ನಿಜವಾಗಿ ನಾನು ದಿನವಿಡೀ ಜನರನ್ನು ತಡೆಯುತ್ತಿದ್ದೆ. ಕಂಬಕ್ಕೆ ಹೆಸರು ಕೆತ್ತಬೇಡಿ, ವಿಗ್ರಹದ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ, ಕುರಕುರೆ ಚೀಲವನ್ನು ದೇವರ ಹಿಂದೆ ಬಚ್ಚಿಡಬೇಡಿ. ದೇವರಿಗೂ ಅದು ಕಾಣುತ್ತದೆ, ನನಗೂ ಕಾಣುತ್ತದೆ.

ನಗು ತಡೆದುಕೊಳ್ಳುವುದು ಈ ಕೆಲಸದಲ್ಲಿ ಬಲು ಕಷ್ಟ. ಒಮ್ಮೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಒಂದು ದೊಡ್ಡ ಸಂಸಾರವನ್ನು ಪ್ರಾರ್ಥನೆ ನೋಡಲು ಕೂರಿಸಿದ್ದೆ. ಲಾಮಾಗಳ ಗಂಭೀರ ಸ್ವರ, ಕಹಳೆ, ತಾಳ ಎಲ್ಲ ನಿಂತು ಮಂದಿರ ಸ್ತಬ್ಧವಾಯಿತು. ಆಗ ನಮ್ಮ ಸಂಸಾರದ ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿ "ಒನ್ಸ್ ಮೋರ್!" ಎಂದು ಕೂಗಿದರು. ನೆಲ ಬಾಯಿ ಬಿಡಬಾರದೇ ಎನಿಸಿತು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಲಾಮಾ ನಿಧಾನವಾಗಿ ತಿರುಗಿ, ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ, "ನಾಳೆ ಮುಂಜಾನೆ ಮತ್ತ ಐತ್ರಿ, ಬರ್ರಿ" ಎಂದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಜೋಯಿಡಾದಿಂದ ಅಣಶಿಯ ಕಡೆ ಹೋಗುವಾಗ ಒಂದು ಕಡೆ ಕಾಡೊಳಗೆ ತಿರುಗಿದರೆ ಕುಣಬಿ ಜನರ ಒಂದು ವಾಡಾ ಸಿಗುತ್ತದೆ. ಹತ್ತಾರು ಮನೆಗಳ ಊರು. ಹೆಸರು ಮಾತ್ರ ಹೇಳುವುದಿಲ್ಲ, ಹೇಳಿದರೆ ಬರುವ ಭಾನುವಾರ ನೀವೆಲ್ಲ ಕಾರು ತಂದು ಅಲ್ಲಿ ನಿಲ್ಲಿಸುತ್ತೀರಿ. ಅಲ್ಲಿ ಒಂದು ಹಳೆಯ ಗುಡಿ ಇದೆ. ಮಣ್ಣಿನ ಗೋಡೆ, ನಾಡಹಂಚಿನ ಮಾಡು, ಒಳಗೆ ಕೆತ್ತನೆಯ ಮರದ ಕಂಬಗಳು. ಕಂಬದ ಮೇಲೆ ಗಿಳಿ, ನಾಯಿ ಹಿಡಿದ ಬೇಟೆಗಾರ, ಕುಣಿಯುವ ಹೆಂಗಸರು. ಆದರೆ ಆ ಗುಡಿಯ ಜೀವ ಇರುವುದು ನೆಲದಲ್ಲಿ. ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲ, ಸಗಣಿ ಸಾರಿಸಿ ಸಾರಿಸಿ ಕನ್ನಡಿಯ ಹಾಗೆ ನುಣುಪಾಗಿದೆ. ಅಲ್ಲಿಯ ಪದ್ಧತಿ ಏನೆಂದರೆ, ಒಳಗೆ ಕಾಲಿಟ್ಟ ಯಾರೇ ಆಗಲಿ, ಹೊರಬೀಳುವ ಮೊದಲು ತಮ್ಮ ಪಾಲಿನ ನೆಲವನ್ನು ಸಾರಿಸಿಯೇ ಬರಬೇಕು. ಬೆಳಗ್ಗೆ ಒಂದು ಗುಂಪು ಒಳಗೆ ಹೋಗುತ್ತದೆ, ಕೈ ಮುಗಿಯುತ್ತದೆ, ಕಂಬ ನೋಡುತ್ತದೆ, ಆಮೇಲೆ ಸಾಲಾಗಿ ಕೂತು ಸಾರಿಸುತ್ತಾ ಹೊರಗೆ ಬರುತ್ತದೆ. ನೆಲ ಒದ್ದೆಯಿರುವಾಗ ಮತ್ತೊಬ್ಬರು ಕಾಲಿಡುವಂತಿಲ್ಲ. ಅಂದರೆ ಆ ದಿನಕ್ಕೆ ಗುಡಿ ಮುಗಿಯಿತು.

ಸಗಣಿಗೆ ನಮ್ಮ ಮನೆಯಲ್ಲಿ ಹೆಂಡಿ ಎನ್ನುತ್ತಿದ್ದೆವು. ವಾಡಾದ ಕುಣಬಿ ಕೊಂಕಣಿಯಲ್ಲಿ ಅದು ಶೇಣ. ನಮ್ಮ ಕಚೇರಿಯ ಕಾಗದದಲ್ಲಿ ಅದಕ್ಕೆ 'ಗೋಮಯ' ಎಂದು ಬರೆಯುತ್ತಿದ್ದರು, ಮೂಗು ಮುಚ್ಚಿಕೊಂಡು ಬರೆದ ಹಾಗೆ.

ಆ ನೆಲದ ಒಡತಿ ಜಾನಕಿ ಆಯಿ. ಪೂಜಾರಿಯಲ್ಲ, ಅಧ್ಯಕ್ಷೆಯಲ್ಲ. ನೆಲ ಒಣಗಿದೆಯೋ ಇಲ್ಲವೋ ಎಂದು ಹೇಳುವ ಹಕ್ಕು ಅವಳ ಮನೆತನದ್ದು. ಬೆಳಗ್ಗೆ ಅಂಗೈ ಊರಿ ನೋಡಿ ತಲೆಯಾಡಿಸಿದರೆ ಬಾಗಿಲು ತೆರೆಯಿತು, ಇಲ್ಲದಿದ್ದರೆ ಇಲ್ಲ. ನಾನು ಮೊದಲ ಸಲ ಹೋದಾಗ ನನ್ನ ಜೊತೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಮುಗಿಸಿ ನೇರವಾಗಿ ಬಂದ ತರುಣರ ತಂಡವಿತ್ತು. ಮೈಮೇಲೆ ಇನ್ನೂ ಲೈಫ್ ಜಾಕೆಟ್, ತಲೆಗೆ ಹೆಲ್ಮೆಟ್. ಜಾನಕಿ ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಿವಿಯಲ್ಲಿ ಕೇಳಿದಳು: "ಗೋ ಬಾಯೇ, ನಮ್ಮ ಗುಡ್ಯಾಗ ನೀರು ಬರ್ತೈತಿ ಅಂತ ಯಾರು ಹೇಳಿದ್ರು ಇವರಿಗೆ?"

ಹುಡುಗರೆಲ್ಲ ಜಾಕೆಟ್ ಬಿಚ್ಚಿಟ್ಟು ಚೆನ್ನಾಗಿಯೇ ಸಾರಿಸಿದರು. ಹಾಳು ಮಾಡಿದವಳು ನಾನು. ಸಾರಿಸುವವರು ಒಳಗಿನ ಮೂಲೆಯಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರಬೇಕು. ಹಳ್ಳಿಯ ಮಗುವಿಗೂ ಇದು ಗೊತ್ತು. ಸಿಮೆಂಟ್ ನೆಲದವಳಿಗೆ ಯಾರು ಹೇಳಬೇಕು? ಕೊನೆಗೆ ಉಳಿದಿದ್ದ ಪಟ್ಟಿಯನ್ನು ನಾನು ಬಹಳ ಹುರುಪಿನಿಂದ ಬಾಗಿಲಿನಿಂದ ಶುರು ಮಾಡಿದೆ. ಅರ್ಧಚಂದ್ರ ಬಿಡಿಸುತ್ತ, ನನ್ನ ಕೈಚಳಕಕ್ಕೆ ನಾನೇ ಮರುಳಾಗಿ ಒಳಗೆ ಒಳಗೆ ಹೋದೆ. ತಲೆ ಎತ್ತಿ ನೋಡಿದರೆ ಬೆನ್ನಿಗೆ ಗೋಡೆ, ಸುತ್ತ ಹಸಿ ನೆಲ, ಬಾಗಿಲು ಅಷ್ಟು ದೂರದಲ್ಲಿ. ಮೂಲೆಯಲ್ಲಿ ಹಲ್ಲಿಯ ಹಾಗೆ ಅಂಟಿಕೊಂಡು ನಿಂತೆ.

ಬಾಗಿಲಲ್ಲಿ ಇಡೀ ವಾಡಾ ನೆರೆಯಿತು. ನಮ್ಮ ಜೀಪಿನ ಡ್ರೈವರ್ ಬಾಬಾಜಾನ್, ದಾಂಡೇಲಿಯ ಗ್ಯಾರೇಜಿನಲ್ಲಿ ಬೆಳೆದ ಆಸಾಮಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಮೇಡಂ, ಟೋಚನ್ ಹಗ್ಗಾ ಹಾಕಿ ಎಳೀಲೇನ್ರಿ?"

"ಸುಮ್ನಿರೋ ಬಾಬಾಜಾನ್! ಆಯಿ, ನಾ ಹೆಂಗ ಹೊರಗ ಬರ್ಲಿ?"

"ಒಣಗಿದ ಮ್ಯಾಲ ಬಾ" ಎಂದು ಆಯಿ ಹೋಗಿಯೇ ಬಿಟ್ಟಳು.

ಮಧ್ಯಾಹ್ನದ ತನಕ ನಾನು ಆ ಮೂಲೆಯಲ್ಲಿದ್ದೆ. ಬಾಬಾಜಾನ್ ಬಾಗಿಲಿನಿಂದ ಬಾಳೆಹಣ್ಣು ಎಸೆಯುತ್ತಿದ್ದ, ನಾನು ಹಿಡಿಯುತ್ತಿದ್ದೆ. ಬೇರೆ ಕೆಲಸವಿಲ್ಲದೆ ಕಂಬ ನೋಡಿದೆ. ಒಂದು ಗಿಳಿಯ ಕೊಕ್ಕಿನಲ್ಲಿ ಮಾವಿನಕಾಯಿ, ಅದರ ಮೇಲೆ ಇರುವೆ. ಅಷ್ಟು ಸಣ್ಣ ಇರುವೆಯನ್ನು ಯಾರಿಗೋಸ್ಕರ ಕೆತ್ತಿದನೋ ಪುಣ್ಯಾತ್ಮ! ನನಗೆ ಕುಣಿಯಬೇಕೆನಿಸಿತು, ಜಾಗವಿರಲಿಲ್ಲ. ಆ ದಿನದಿಂದ ಆ ಗುಡಿಯೆಂದರೆ ನನಗೆ ಹುಚ್ಚು.

ಕಾಲ ಬದಲಾಯಿತು. ಮೊದಲು ನಾವು ಸ್ಥಳದ ಮಾಹಿತಿಯನ್ನು ಝೆರಾಕ್ಸ್ ಮಾಡಿಸಿ ಹಂಚುತ್ತಿದ್ದೆವು. ಜನ ಅದರಲ್ಲಿ ಶೇಂಗಾ ಕಟ್ಟಿಕೊಂಡು ತಿನ್ನುತ್ತಿದ್ದರು. ಆಮೇಲೆ ಫಲಕ ಬಂದವು. ಈಗ ಜನ ಫೋನಿನಲ್ಲಿ ರೀಲ್ ತೋರಿಸಿ "ಈ ಜಾಗಾ ಎಲ್ಲೈತ್ರಿ?" ಎಂದು ಕೇಳುತ್ತಾರೆ. ಅದೇ ಜಾಗದಲ್ಲಿ ನಿಂತು ಕೇಳುತ್ತಾರೆ. ರೀಲುಗಳ ಕಾಲದಲ್ಲಿಯೇ ನಮಗೊಬ್ಬರು ಹೊಸ ಸಾಹೇಬರು ಬಂದರು. ಮೈಸೂರಿನ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಉತ್ಸಾಹ ಉಕ್ಕಿ ಹರಿಯುತ್ತಿತ್ತು. ಹಳಿಯಾಳದ ಹಳೆ ಕೋಟೆಯ ಅವಶೇಷ ನೋಡಿ "ಇಲ್ಲೊಂದು ಜಾರುಬಂಡಿ ಇಟ್ಟರೆ ಹೇಗೆ?" ಎಂದಿದ್ದರು. ಅದನ್ನು ಅವರ ತಲೆಯಿಂದ ಇಳಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು.

ಅವರನ್ನು ವಾಡಾದ ಗುಡಿಗೆ ಕರೆದುಕೊಂಡು ಹೋದೆ. ಕಂಬ ನೋಡಿ ಆನಂದಬಾಷ್ಪ ಸುರಿಸಿದರು. ನೆಲ ನೋಡಿ ಮುಖ ಸಿಂಡರಿಸಿದರು. ಕೈಯನ್ನು ನೆಲಕ್ಕೆ ಮುಟ್ಟಿಸಿದರು ಎನ್ನುವಷ್ಟು ಮಾತ್ರ ಸಾರಿಸಿ, ಜೀಪಿಗೆ ಬರುವ ತನಕ ಆ ಕೈಯನ್ನು ಮೈಯಿಂದ ದೂರ ಚಾಚಿಕೊಂಡೇ ನಡೆದರು.

"ವಿಮಲಾ ಅವರೇ, ಈ ಕಾಲದಲ್ಲಿ ಇದೆಲ್ಲ ನಡೆಯಲ್ಲ. ಟೈಲ್ಸ್ ಹಾಕಿಸಿಬಿಡೋಣ. ಚೆನ್ನಾಗಿ ತೊಳೀಬಹುದು, ದಿನವಿಡೀ ಜನ ಬರಬಹುದು."

"ದಿನವಿಡೀ ಜನ ಬಂದ್ರ ಆ ಸಣ್ಣ ಗುಡಿ ತಡಕೊಂತೈತೇನ್ರಿ ಸರ್?"

"ಸ್ಟೀಲ್ ರೇಲಿಂಗ್ ಹಾಕೋಣ."

ಜಾನಕಿ ಆಯಿಗೆ ಈ ಸುದ್ದಿ ಹೇಳಿದಾಗ ಅವಳು ಮೊದಲ ಸಲ ನನ್ನ ಮೇಲೆ ರೇಗಿದಳು. "ಫರಸಿ ಹಾಕಿದ್ರ ನೀರು ಹಾಕಿ ಯಾರು ಬೇಕಾದ್ರೂ ತೊಳೀತಾರ. ನಾ ಯಾಕ ಬೇಕು? ನಮ್ಮ ಹೆಂಗಸರು ಯಾಕ ಬೇಕು? ಬಾಗಿಲಾ ಹಾಕೂದು ಯಾವಾಗ? ಬಾಯಿ, ನೆಲ ಹೋತಂದ್ರ ಗುಡಿ ನಮ್ದಲ್ಲ, ಬಂದವರದು." ಅವಳ ಕಣ್ಣಲ್ಲಿ ನೀರಿತ್ತು. ನಾನು ಮಾತಾಡಿ ನೋಡಿದೆ, ಬರೆದು ನೋಡಿದೆ, ಸಾಹೇಬರ ಮನೆಗೆ ಹೋಗಿ ಅವರ ಹೆಂಡತಿಯ ಕೈಯ ಉಪ್ಪಿಟ್ಟು ತಿಂದು ಬೇಡಿಕೊಂಡೆ. ಏನೂ ಆಗಲಿಲ್ಲ. ಟೈಲ್ಸಿನ ಡಬ್ಬಿಗಳು ನಮ್ಮ ಜೋಯಿಡಾ ತಾಲೂಕಿನ ರಾಮನಗರದ ಕಡೆಯಿಂದ ಲಾರಿಯಲ್ಲಿ ಬಂದು ಊರ ಹೊರಗೆ ಇಳಿದೇಬಿಟ್ಟವು. ರಾಜಧಾನಿಯಿಂದ ದೊಡ್ಡ ಸಾಹೇಬರು ಬಂದು ಗುಡಿ ನೋಡಿ, ಕೆಲಸಕ್ಕೆ ಚಾಲನೆ ಕೊಡುವುದು ಎಂದು ನಿಶ್ಚಯವಾಯಿತು.

ನಮ್ಮ ಸಾಹೇಬರು ಮಾಡಿದ ಒಂದೇ ಒಂದು ತಪ್ಪು ಏನೆಂದರೆ, ಅತಿ ಸ್ವಚ್ಛ ಮಾಡಿದ್ದು. ದೊಡ್ಡವರ ಮೂಗಿಗೆ ವಾಸನೆ ತಾಕಬಾರದೆಂದು ಹಿಂದಿನ ದಿನವೇ ವಾಡಾದ ತಿಪ್ಪೆಗಳನ್ನೆಲ್ಲ ಟ್ರಾಕ್ಟರಿಗೆ ತುಂಬಿಸಿ ದೂರ ಸಾಗಿಸಿದರು. ದನಗಳನ್ನೆಲ್ಲ ಗುಡ್ಡದ ಆಚೆಗೆ ಹೊಡೆಸಿದರು. ಇಡೀ ವಾಡಾದಲ್ಲಿ ಬೊಟ್ಟಿಡಲೂ ಒಂದು ಚಿಟಿಕೆ ಸಗಣಿ ಉಳಿಯಲಿಲ್ಲ.

ದೊಡ್ಡ ಸಾಹೇಬರು ಹೆಂಡತಿಯ ಜೊತೆ ಬಂದರು. ದಪ್ಪ ದೇಹ, ಮಂಡಿನೋವು, ಬಿಸಿಲಿಗೆ ಕೆಂಪಾದ ಮುಖ. ಒಳಗೆ ಹೋದರು, ಕೈ ಮುಗಿದರು, ಫೋಟೋ ಆಯಿತು. ತಿರುಗಿ ನೋಡಿದರೆ ಜಾನಕಿ ಆಯಿ ಹೊಸ್ತಿಲಿಗೆ ಅಡ್ಡವಾಗಿ ಕೂತಿದ್ದಾಳೆ.

"ಸಾರಿಸಿ ಹೋಗ್ರಿ" ಎಂದಳು.

ನಮ್ಮ ಸಾಹೇಬರು ಬೆವರಿದರು. "ಅಮ್ಮಾ, ಇವರು ಯಾರು ಗೊತ್ತಾ?"

"ಒಳಗ ಬಂದವರು. ಅಷ್ಟ ಗೊತ್ತು."

ದೊಡ್ಡ ಸಾಹೇಬರ ಹೆಂಡತಿ ಬೆಳಗಾವಿಯ ಕಡೆಯ ಹಳ್ಳಿಯವರು. ಅವರು ಕಿಲಕಿಲ ನಕ್ಕು ಸೆರಗು ಸಿಕ್ಕಿಸಿಕೊಂಡರು. "ಅಯ್ಯ, ಇಷ್ಟ ಏನ್ರಿ? ನಮ್ಮವ್ವ ದಿನಾ ಸಾರಸ್ತಿದ್ಲು. ತರ್ರಿ ಹೆಂಡಿ, ಒಂದ್ ಕೈ ನೋಡೇಬಿಡೂಣು!"

ಹೆಂಡಿ ಎಲ್ಲಿಂದ ತರುವುದು? ಎಲ್ಲರೂ ನಮ್ಮ ಸಾಹೇಬರ ಮುಖ ನೋಡಿದರು. ಅವರು ಬಾಬಾಜಾನನ ಮುಖ ನೋಡಿದರು. ಬಾಬಾಜಾನ್ ಆಕಾಶ ನೋಡಿದ. ಮುಂದಿನ ಕ್ಷಣ ಸಾಹೇಬರು ಜೀಪಿನ ಬಕೆಟ್ಟು ಕಿತ್ತುಕೊಂಡು ಗುಡ್ಡದ ಕಡೆ ಓಡಿದರು. ಪಾಲಿಶ್ ಮಾಡಿದ ಬೂಟು, ಟೈ ಹೆಗಲ ಮೇಲೆ ಹಾರುತ್ತಿದೆ, ಹಿಂದೆ ಬಾಬಾಜಾನ್. ಆಮೇಲೆ ನಡೆದದ್ದನ್ನು ಬಾಬಾಜಾನ್ ಹೇಳಿದ ಹಾಗೆಯೇ ಬರೆಯುತ್ತೇನೆ:

"ಯಾ ಅಲ್ಲಾ, ಏನ್ ಹೇಳ್ಲಿ ಮೇಡಂ! ಆಕಳಾ ಮುಂದ, ಸಾಹೇಬರು ಹಿಂದ. ಅದು ನಿಂತ್ರ ಇವ್ರು ನಿಂದರ್ತಾರ. ಅದು ಬಾಲಾ ಎತ್ತಿದ್ರ ಇವ್ರು ಬಕೇಟ್ ಹಿಡೀತಾರ. ಅದು ಬರೇ ನೊಣಾ ಹೊಡ್ಕೊಂಡು ಮುಂದ ಹೋಗ್ತೈತಿ. 'ಪ್ಲೀಸ್ ಕಣಮ್ಮ, ಪ್ಲೀಸ್' ಅಂತ ಆಕಳಿಗೇ ಕೈ ಮುಗದ್ರು ಮೇಡಂ, ಖರೇನ!"

ಇತ್ತ ಗುಡಿಯೊಳಗೆ ದೊಡ್ಡ ಸಾಹೇಬರು ಸ್ವಲ್ಪ ಹೊತ್ತು ನಿಂತರು. ಕಾಲು ನೋಯಿತು, ಕುರ್ಚಿ ಇಲ್ಲ, ನೆಲದ ಮೇಲೆ ಕೂತರು. ಕೂತವರು ಅಂಗೈಯಿಂದ ನೆಲ ಸವರಿದರು. "ಎಷ್ಟು ತಂಪಾಗಿದೆ!" ಎಂದರು. ಕಂಬಕ್ಕೆ ಒರಗಿದರು. ಆಮೇಲೆ ಕಾಲು ಚಾಚಿದರು. ಆಮೇಲೆ ನಮ್ಮೆಲ್ಲರ ಎದುರೇ ಗುಡಿಯ ನೆಲದ ಮೇಲೆ ಅಡ್ಡಾಗಿ, ಮಗುವಿನ ಹಾಗೆ ನಿದ್ದೆ ಹೋದರು. ಅವರ ಗೊರಕೆಗೆ ಮಾಡಿನ ಮೇಲಿನ ಪಾರಿವಾಳ ಹಾರಿದವು. ಹೆಂಡತಿ ನನ್ನನ್ನು ಕೈ ಹಿಡಿದು ಕಂಬ ಕಂಬಕ್ಕೂ ಕರೆದುಕೊಂಡು ಹೋದರು. ಮಾವಿನಕಾಯಿಯ ಮೇಲಿನ ಇರುವೆಯನ್ನು ತೋರಿಸಿದೆ. ನಾವಿಬ್ಬರೂ ಶಾಲೆಯ ಹುಡುಗಿಯರ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕೆವು.

ಕೊನೆಗೂ ನಮ್ಮ ಸಾಹೇಬರು ಬಂದರು. ತಲೆಯಲ್ಲಿ ಎಲೆ, ಪ್ಯಾಂಟಿಗೆ ಮುಳ್ಳು, ಕೈಯಲ್ಲಿ ಬಿಸಿ ಬಿಸಿ ಸಗಣಿಯ ಬಕೆಟ್ಟು. ಆ ಬಕೆಟ್ಟನ್ನು ಅವರು ಗೆದ್ದ ಕಪ್ಪಿನ ಹಾಗೆ ಎತ್ತಿ ಹಿಡಿದಿದ್ದರು. ಇಡೀ ವಾಡಾ ಚಪ್ಪಾಳೆ ತಟ್ಟಿತು. ದೊಡ್ಡ ಸಾಹೇಬರು ಎಚ್ಚರಾಗಿ ಮೈ ಮುರಿದು, "ಎಷ್ಟೋ ತಿಂಗಳಾಯ್ತು ಇಂಥ ನಿದ್ದೆ ಬಂದು. ಮನೆಯ ಟೈಲ್ಸ್ ಮೇಲೆ ಕಾಲಿಟ್ಟರೆ ಮಂಡಿ ಹಿಡಿಯುತ್ತೆ. ಈ ನೆಲ ಮುಟ್ಟಬೇಡಿ" ಎಂದು ಬಿಟ್ಟರು. ಬಳಿಕ ಎಲ್ಲರೂ ಮೂಲೆಯಿಂದ ಸಾಲಾಗಿ ಕೂತು ಸಾರಿಸುತ್ತ ಹಿಂದೆ ಸರಿದೆವು. ನಮ್ಮ ಸಾಹೇಬರ ಕೈ ಆ ದಿನ ಎಷ್ಟು ಚಂದ ತಿರುಗಿತೆಂದರೆ, ಜಾನಕಿ ಆಯಿ ಅವರ ಪಟ್ಟಿಯನ್ನು ಬಗ್ಗಿ ನೋಡಿ "ಹ್ಞೂಂ" ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಟೈಲ್ಸ್ ಡಬ್ಬಿಗಳು ಬಂದ ದಾರಿ ಹಿಡಿದವು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಯಾರೋ ಸಾಹೇಬರ ಓಟವನ್ನು ಫೋನಿನಲ್ಲಿ ಹಿಡಿದಿದ್ದರು. ಅದು ಊರೂರು ಸುತ್ತಿತು. ತೇರಗಾಂವದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳೂ "ಆಕಳಾ ಸಾಹೇಬ್ರು ನಿಮ್ಮ ಆಫೀಸಿನವ್ರ ಏನ್ರಿ?" ಎಂದು ಕೇಳಿದಳು. ಮುಂದಿನ ರಜೆಯ ದಿನ ವಾಡಾದ ದಾರಿಯಲ್ಲಿ ಕಾರುಗಳ ಸಾಲು. ಸುದ್ದಿ ಕೇಳಿ ನಾನು, ನಮ್ಮ ಸಾಹೇಬರು, ಬಾಬಾಜಾನ್ ಮೂವರೂ ಅಲ್ಲಿಗೆ ಓಡಿದೆವು. ಎಲ್ಲರಿಗೂ ಸಗಣಿ ಸಾರಿಸಬೇಕು, ಎಲ್ಲರಿಗೂ ತಂಪು ನೆಲದ ಮೇಲೆ ಮಲಗಬೇಕು. ಟೈಲ್ಸಿನಿಂದ ಪಾರಾದ ನೆಲ ಈ ಪ್ರೀತಿಯಿಂದ ಸವೆದು ಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಜಾನಕಿ ಆಯಿ ಮಾತ್ರ ಎಂದಿನ ಹಾಗೆ ಒಂದು ಗುಂಪನ್ನು ಒಳಗೆ ಬಿಟ್ಟಳು. ಅವರು ಸಾರಿಸಿ ಹೊರಗೆ ಬಂದರು. ಆಯಿ ಬಾಗಿಲಿಗೆ ಅಡ್ಡ ಕೂತು "ನೆಲ ಮುಗೀತು" ಎಂದಳು. ಗದ್ದಲವೋ ಗದ್ದಲ. ದೂರದಿಂದ ಬಂದಿದ್ದೇವೆ ಎಂದರು, ನಾವು ಇಂಥವರ ಕಡೆಯವರು ಎಂದರು. ಅಷ್ಟರಲ್ಲಿ ಎರಡು ಟೆಂಪೋ ತುಂಬ ನೆಂಟರನ್ನು ಕರೆದುಕೊಂಡು ದೊಡ್ಡ ಸಾಹೇಬರೇ ಬಂದಿಳಿದರು. ಗದ್ದಲ ನಿಂತಿತು. ಎಲ್ಲರೂ ಈಗ ಏನಾಗುತ್ತದೆ ಎಂದು ನೋಡತೊಡಗಿದರು. ಅವರನ್ನು ಒಳಗೆ ಬಿಟ್ಟರೆ ಇನ್ನು ಯಾರನ್ನೂ ತಡೆಯುವ ಹಾಗಿರಲಿಲ್ಲ.

ಆಗ ನಮ್ಮ ಸಾಹೇಬರು ಎದ್ದು ಹೋಗಿ ಆಯಿಯ ಪಕ್ಕದಲ್ಲಿ, ಹೊಸ್ತಿಲ ಮೇಲೆ, ಪ್ಯಾಂಟು ಮಡಚಿಕೊಂಡು ಕೂತರು. ಅವರ ಮುಖ ಬಿಳಚಿತ್ತು.

"ಸರ್, ನೆಲ ಒಣಗಿಲ್ಲ."

ದೊಡ್ಡ ಸಾಹೇಬರು ಅವರನ್ನೇ ನೋಡಿದರು. ಅವರ ಹೆಂಡತಿ ಹಿಂದಿನಿಂದ "ಒಣಗಿಲ್ಲಂದ್ರ ಒಣಗಿಲ್ರೀ, ಹಸೀ ನೆಲಾ ತುಳೀತೀರೇನು? ನಡ್ರಿ" ಎಂದರು. ದೊಡ್ಡ ಸಾಹೇಬರು ನಕ್ಕುಬಿಟ್ಟರು. ನೆಂಟರನ್ನೆಲ್ಲ ಮರದ ನೆರಳಿಗೆ ಕೂರಿಸಿದರು. ವಾಡಾದ ಹೆಂಗಸರು ಬೇಯಿಸಿದ ಗೆಣಸು ತಂದಿಟ್ಟರು. ದೊಡ್ಡವರಿಗೇ ಇಲ್ಲವೆಂದ ಮೇಲೆ ಉಳಿದವರು ಕೂಗಾಡುವುದು ಹೇಗೆ? ಒಬ್ಬೊಬ್ಬರಾಗಿ ಅವರೂ ಗೆಣಸಿನ ಸಾಲಿಗೆ ಬಂದರು. ನಾನು ಮತ್ತು ಬಾಬಾಜಾನ್ ಜೀಪಿನ ಹಿಂದೆ ಹೋಗಿ ಕೈ ಕೈ ಹೊಡೆದುಕೊಂಡು ಹುಚ್ಚರ ಹಾಗೆ ನಕ್ಕೆವು. ನಗುತ್ತ ನಗುತ್ತ ನನಗೆ ಅಳುವೂ ಬಂತು.

ಅಂದಿನಿಂದ ಅಲ್ಲಿ ಅದೇ ಲೆಕ್ಕ ನಡೆದಿದೆ. ಬಿಸಿಲಿದ್ದರೆ ಮರುದಿನ, ಮಳೆಗಾಲವಾದರೆ ಆಯಿಯ ಅಂಗೈ ಒಪ್ಪಿದ ದಿನ. ಕಚೇರಿಯಲ್ಲಿ ಈಗ ಫೋನ್ ಮಾಡಿದವರಿಗೆ ಮೊದಲು ಹೇಳುವುದೇ "ನೆಲ ಒಣಗಿದೆಯಾ ಕೇಳಿ ಹೊರಡಿ" ಎಂದು. ಹೊಸಬರಾದ ನಿಮಗೂ ಅದನ್ನೇ ಹೇಳುತ್ತೇನೆ. ಎಲ್ಲ ಹಳೆಯ ಜಾಗಗಳಲ್ಲೂ ಇಂಥ ಒಂದು ಪದ್ಧತಿ ಎಲ್ಲೋ ಇರುತ್ತದೆ. ಜನರನ್ನು ಕರೆತರುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ, ಮತ್ತು ಮೂಲೆಯಿಂದ ಬಾಗಿಲಿಗೆ ಸಾರಿಸಿ.

ನಿವೃತ್ತಿಯಾದ ಮೇಲೆ ಧಾರವಾಡದಿಂದ ನನ್ನ ಅಕ್ಕ ಬಂದಿದ್ದಳು. "ನೀ ಹಗಲೆಲ್ಲಾ ಹೇಳ್ತೀಯಲ್ಲ, ಆ ಗುಡಿ ತೋರ್ಸ" ಎಂದಳು. ಬಾಬಾಜಾನನ ಜೀಪಿನಲ್ಲಿ ಹೊರಟೆವು. ನಾನೇ ಹೋಗುತ್ತಿದ್ದೇನೆ, ಕೇಳುವುದೇನು ಎಂದು ಫೋನ್ ಕೂಡ ಮಾಡಲಿಲ್ಲ. ಹೋಗಿ ನೋಡಿದರೆ ಜಾನಕಿ ಆಯಿ ಹೊಸ್ತಿಲಲ್ಲಿ ಕೂತಿದ್ದಾಳೆ. ಹಿಂದೆ ಹಸಿ ನೆಲ ಮಿರಮಿರ ಮಿಂಚುತ್ತಿದೆ.

"ನೆಲ ಮುಗೀತು ಬಾಯಿ" ಎಂದಳು.

"ಆಯಿ, ನಾ ವಿಮಲಾ!"

"ಹೌದಲ್ಲ, ವಿಮಲಾ. ನೆಲ ಹಸಿ ಐತಿ."

ನನಗೆ ನಗು ಉಕ್ಕಿ ಬಂತು. ಅಂಗಳದಲ್ಲಿ ಕುಕ್ಕರಿಸಿ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. "ಇದೇನ ವಿಮಲಾ? ಇಷ್ಟು ವರ್ಷ ಈ ಗುಡಿ ಸಲುವಾಗಿ ದುಡದಿ, ನಿನಗೂ ಒಳಗ ಬಿಡವಲ್ರಲ್ಲ!"

"ಅದಕ್ಕ ದುಡದೇನಿ ಅಕ್ಕಾ" ಎಂದೆ.